ಎರಡು ಮಳೆಗಳ ಸೀಮೆ: ರಾಯಚೂರು, ಕೊಪ್ಪಳ, ಬಳ್ಳಾರಿ ಬಯಲಿನ ಭೂಗೋಳ

ಜುಲೈ ತಿಂಗಳಲ್ಲಿ ಸಿಂಧನೂರು, ಮಾನ್ವಿ, ಸಿರುಗುಪ್ಪದ ಬಯಲಿನಲ್ಲಿ ನಿಂತರೆ ಮೊದಲು ಮೈಗೆ ತಾಗುವುದು ಗಾಳಿ. ಪಡುವಣದಿಂದ ಹಗಲೂ ರಾತ್ರಿ ಒಂದೇ ಸಮನೆ ಬೀಸುತ್ತದೆ. ಮೋಡಗಳು ತಲೆಯ ಮೇಲೆ ಓಡುತ್ತವೆ, ನಿಲ್ಲುವುದಿಲ್ಲ. ನಾಲ್ಕು ಹನಿ ಉದುರಿಸಿ, ನೆಲ ತೋಯುವ ಮೊದಲೇ ಆಂಧ್ರದ ಕಡೆ ದಾಟುತ್ತವೆ. ಅದೇ ಹೊತ್ತಿಗೆ ಊರವರು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಸುದ್ದಿ ಬೇರೆಯೇ ಇರುತ್ತದೆ: ತುಂಗಭದ್ರಾ ಡ್ಯಾಮಿಗೆ ಒಳಹರಿವು ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು. ಊರಲ್ಲಿ ಮಳೆಯಿಲ್ಲ, ಹೊಳೆ ಮಾತ್ರ ದಂಡೆ ತುಂಬಿ ಬರುತ್ತಿದೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಈ ಸೀಮೆ ಎರಡು ಮಳೆಗಳನ್ನು ನಂಬಿ ಬದುಕುತ್ತಿದೆ. ಒಂದು, ನಮ್ಮ ಹೊಲದ ಮೇಲೆಯೇ ಬೀಳುವ ಮಳೆ. ಅದು ಕಡಿಮೆ, ಮತ್ತು ತಡವಾಗಿ ಬರುವಂಥದ್ದು. ಇನ್ನೊಂದು, ಮಲೆನಾಡಿನಲ್ಲಿ ಬಿದ್ದು ಹೊಳೆಯಾಗಿ ಇಳಿದುಬರುವ ಮಳೆ. ಅದು ಹೇರಳ, ಆದರೆ ಎಲ್ಲರಿಗೂ ಸಿಕ್ಕುವುದಿಲ್ಲ. ಯಾವ ಊರು ಜೋಳ ಬೆಳೆಯುತ್ತದೆ, ಯಾವ ಊರು ಭತ್ತ ಬೆಳೆಯುತ್ತದೆ, ಯಾರು ದೀಪಾವಳಿ ಮುಗಿಸಿ ಗುಳೆ ಹೋಗುತ್ತಾರೆ, ಯಾರು ನಾಟಿಗೆ ಕೂಲಿ ಆಳು ಹುಡುಕುತ್ತಾರೆ ಎಂಬುದೆಲ್ಲ ಆ ಊರಿನ ಪಾಲಿಗೆ ಯಾವ ಮಳೆ ಬಂದಿದೆ ಎಂಬುದನ್ನು ಅವಲಂಬಿಸಿದೆ.

ಮೊದಲು ಗಾಳಿಯ ದಾರಿ ನೋಡೋಣ. ಬೇಸಿಗೆಯಲ್ಲಿ ವಾಯವ್ಯ ಭಾರತದ ನೆಲ, ಟಿಬೆಟ್ ಪ್ರಸ್ಥಭೂಮಿ ಕಾದು ಅಲ್ಲಿ ಗಾಳಿಯ ಒತ್ತಡ ತಗ್ಗುತ್ತದೆ. ಆಗ ಭೂಮಧ್ಯರೇಖೆಯ ದಕ್ಷಿಣಕ್ಕೆ, ಮಡಗಾಸ್ಕರಿನ ಆಚೆ ಮಸ್ಕರೀನ್ ದ್ವೀಪಗಳ ಬಳಿ ಚಳಿಗಾಲ. ಅಲ್ಲಿ ಒತ್ತಡ ಹೆಚ್ಚು. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹೊರಟ ಗಾಳಿ ಭೂಮಧ್ಯರೇಖೆ ದಾಟುತ್ತಿದ್ದಂತೆ ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಬಾಗುತ್ತದೆ. ಸೊಮಾಲಿಯಾ ಕರಾವಳಿಯ ಹತ್ತಿರ ರಭಸದ ಪ್ರವಾಹವಾಗಿ, ಅರಬ್ಬಿ ಸಮುದ್ರದ ಉದ್ದಕ್ಕೂ ತೇವ ಹೀರುತ್ತ ಬಂದು ನೇರವಾಗಿ ಪಶ್ಚಿಮ ಘಟ್ಟಕ್ಕೆ ಅಪ್ಪಳಿಸುತ್ತದೆ. ಕೇರಳಕ್ಕೆ ಅದು ಮುಟ್ಟುವ ವಾಡಿಕೆಯ ದಿನ ಜೂನ್ 1.

ಘಟ್ಟ ಹತ್ತುವಾಗ ಗಾಳಿ ತಣ್ಣಗಾಗುತ್ತದೆ, ತೇವ ಹನಿಗಟ್ಟುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುವುದು ಹೀಗೆ. ಘಟ್ಟದ ಈಚೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗುತ್ತದೆ. ಒಣಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಹತ್ತು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ತನ್ನ ತೇವವನ್ನು ಬಿಟ್ಟುಕೊಡುವುದಿಲ್ಲ, ನೆಲದ ತೇವವನ್ನೇ ಹೀರುತ್ತದೆ. ಆಗುಂಬೆಯಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ 270 ಕಿ.ಮೀ. ಆಸುಪಾಸು. ಅಷ್ಟು ದೂರದಲ್ಲಿ 7,000 ಮಿ.ಮೀ. ಮಳೆ 600ರ ಹತ್ತಿರಕ್ಕೆ ಕುಸಿಯುತ್ತದೆ. ನಮ್ಮ ಮೂರೂ ಜಿಲ್ಲೆಗಳ ವಾರ್ಷಿಕ ಮಳೆ ಹೆಚ್ಚು ಕಡಿಮೆ ಈ 600ರ ಸುತ್ತಲೇ ಇದೆ. ಬಿಸಿಲು ಮತ್ತು ಗಾಳಿ ಸೇರಿ ವರ್ಷದಲ್ಲಿ ಆರಿಸಬಲ್ಲ ನೀರು ಇದರ ಎರಡು ಪಟ್ಟಿಗೂ ಹೆಚ್ಚು.

ಈ ಮುಂಗಾರಿನ ಗಾಳಿಗೆ ಎಷ್ಟು ಬಲವಿದೆ ಎನ್ನುವುದಕ್ಕೆ ಹಗರಿ ಹೊಳೆ ಸಾಕ್ಷಿ. ಬಾಬಾಬುಡನ್ ಗಿರಿಯ ಕಡೆಯಿಂದ ವೇದಾವತಿಯಾಗಿ ಹರಿದು, ಬಳ್ಳಾರಿ ಸೀಮೆಯಲ್ಲಿ ಹಗರಿ ಎನಿಸಿಕೊಳ್ಳುವ ಈ ಹೊಳೆ ವರ್ಷದ ಬಹುಪಾಲು ಬರೀ ಮರಳು. ಆ ಮರಳನ್ನು ಪಡುವಣ ಗಾಳಿ ಎತ್ತಿ ಪೂರ್ವದ ದಂಡೆಯ ಮೇಲೆ ಸುರಿಯುತ್ತದೆ. ಗಡಿಯಾಚೆಯ ಬೊಮ್ಮನಹಾಳ್, ಕಣೇಕಲ್ಲು ಭಾಗದಲ್ಲಿ ಮರಳುಗಾಡಿನಂತೆ ದಿಬ್ಬಗಳೇ ಎದ್ದಿವೆ. ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆ ಈಚಿನ ವರ್ಷಗಳಲ್ಲಿ ಸಾಲುಸಾಲು ಗಾಳಿಯಂತ್ರಗಳು ನಿಂತಿರುವುದಕ್ಕೂ ಇದೇ ಗಾಳಿ ಕಾರಣ. ಮಳೆ ತಾರದ ಗಾಳಿ ಕರೆಂಟನ್ನಾದರೂ ಕೊಡುತ್ತಿದೆ.

ಹಾಗಾದರೆ ನಮ್ಮ 600 ಮಿ.ಮೀ. ಎಲ್ಲಿಂದ ಬರುತ್ತದೆ? ಬಹಳ ಜನ ಇದನ್ನೂ ಜೂನ್‌–ಜುಲೈ ಮುಂಗಾರಿನ ಲೆಕ್ಕಕ್ಕೆ ಹಾಕುತ್ತಾರೆ. ಆದರೆ ಈ ಬಯಲಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆ ಹೊತ್ತಿಗೆ ಪಡುವಣ ಗಾಳಿಯ ರಭಸ ಇಳಿದಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಗಾಳಿ ಮೇಲೇರಿ ಗುಡುಗಿನ ಮೋಡ ಕಟ್ಟಲು ಅವಕಾಶ ಸಿಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳು ಮೂಡಣದಿಂದ ತೇವ ತಳ್ಳುತ್ತವೆ. ಆ ದಿಕ್ಕಿನಲ್ಲಿ ಅದನ್ನು ತಡೆಯುವ ಎತ್ತರದ ಘಟ್ಟವಿಲ್ಲ. ಅಕ್ಟೋಬರಿನಲ್ಲಿ ಹಿಂಗಾರು ಇದನ್ನೇ ಮುಂದುವರಿಸುತ್ತದೆ. ಅಂದರೆ ನಮ್ಮ ಹೊಳೆ ಅರಬ್ಬಿ ಸಮುದ್ರದ ಋಣದಲ್ಲಿದ್ದರೆ, ನಮ್ಮ ಹೊಲ ಬಹುಮಟ್ಟಿಗೆ ಬಂಗಾಳ ಕೊಲ್ಲಿಯ ದಾರಿ ಕಾಯುತ್ತದೆ.

ಈ ಸಂಗತಿಯನ್ನು ರೈತರು ಹವಾಮಾನ ಇಲಾಖೆ ಹುಟ್ಟುವ ಎಷ್ಟೋ ಮೊದಲೇ ಮಳೆ ನಕ್ಷತ್ರಗಳಲ್ಲಿ ಗುರುತು ಹಾಕಿಕೊಂಡಿದ್ದರು. ಇಪ್ಪತ್ತೇಳು ನಕ್ಷತ್ರಗಳಲ್ಲಿ ಸೂರ್ಯ ಒಂದೊಂದರಲ್ಲೂ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ ಎಂಬ ಲೆಕ್ಕ ಅದು. ಸೂರ್ಯನನ್ನು ಹಿಡಿದು ಎಣಿಸುವುದರಿಂದ ಚಾಂದ್ರಮಾನದ ಹಬ್ಬಗಳ ಹಾಗೆ ಅದು ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಸರಿಯುವುದಿಲ್ಲ. ಮಿರ್ಗ (ಮೃಗಶಿರ) ಜೂನ್ 8ರ ಹೊತ್ತಿಗೆ, ಹುಬ್ಬೆ (ಪುಬ್ಬ) ಆಗಸ್ಟ್ ಕೊನೆಗೆ, ಉತ್ತರೆ ಸೆಪ್ಟೆಂಬರ್ ನಡುವಿಗೆ, ಹಸ್ತ 27ರ ಆಸುಪಾಸು, ಚಿತ್ತೆ ಅಕ್ಟೋಬರ್ 10ಕ್ಕೆ, ಸ್ವಾತಿ 24ಕ್ಕೆ. ನಮ್ಮ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದ ರೈತ ಮಿರ್ಗ ಕೈಕೊಟ್ಟರೆ ಬೇಸರಪಡುತ್ತಾನೆ, ಉತ್ತರೆ–ಹಸ್ತ ಕೈಕೊಟ್ಟರೆ ಕುಸಿದುಹೋಗುತ್ತಾನೆ. ಹವಾಮಾನ ವರದಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಒಟ್ಟಿಗೆ ಕೂಡಿಸಿ ‘ವಾಡಿಕೆಯಷ್ಟು’ ಎಂದು ಹೇಳಿಬಿಡುವುದು ಈ ಸೀಮೆಯ ಮಟ್ಟಿಗೆ ಏನನ್ನೂ ಹೇಳಿದಂತಾಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಯಾವ ನಕ್ಷತ್ರದಲ್ಲಿ ಎಷ್ಟು ಬಿತ್ತು ಎಂಬುದು ಬೇಕು.

ಕೊಲ್ಲಿಯ ಮಳೆ ತನ್ನ ಭೀಕರ ರೂಪ ತೋರಿಸಿದ್ದು 2009ರಲ್ಲಿ. ಆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 2ರವರೆಗೆ ವಾಯುಭಾರ ಕುಸಿತವೊಂದು ಈ ಭಾಗದ ಮೇಲೆ ಬಂದು ಕೂತಿತು. ಬರಗಾಲದ ಸೀಮೆ ಎಂದು ಹೆಸರಾದ ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಳ್ಳಕೊಳ್ಳಗಳೆಲ್ಲ ಹೊಳೆಗಳಾದವು. ಮಂತ್ರಾಲಯ ಮುಳುಗಿತು, ಕರ್ನೂಲು ಪಟ್ಟಣ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಒಣ ಹವೆಗೆ ಹೇಳಿ ಮಾಡಿಸಿದಂಥವು. ಎಡೆಬಿಡದೆ ಸುರಿದ ಮಳೆಗೆ ಊರೂರೇ ಕುಸಿದವು.

ಇನ್ನು ನೆಲ. ಈ ಸೀಮೆಯ ಹೊಲಗಳನ್ನು ಎರಡು ಹೆಸರಿನಲ್ಲಿ ವಿಂಗಡಿಸುತ್ತೇವೆ: ಎರೆ ಮತ್ತು ಮಸಾರಿ. ಎರೆ ಎಂದರೆ ಕಪ್ಪು, ಮಸಾರಿ ಎಂದರೆ ಕೆಂಪು. ಶಾಲೆಯಲ್ಲಿ ಎಲ್ಲರೂ ಕಲಿತಿರುವುದು, ಕಪ್ಪು ಮಣ್ಣು ದಖ್ಖನ್ನಿನ ಲಾವಾ ಕಲ್ಲಿನಿಂದ ಆದದ್ದು ಎಂದು. ವಿಜಯಪುರ, ಕಲಬುರಗಿಗೆ ಅದು ಸರಿ. ಆದರೆ ಲಾವಾದ ಹಾಸು ರಾಯಚೂರು, ಬಳ್ಳಾರಿ ಬಯಲಿಗೆ ಬಂದೇ ಇಲ್ಲ. ಇಲ್ಲಿ ತಳದಲ್ಲಿರುವುದು ನೈಸ್ ಮತ್ತು ಗ್ರಾನೈಟ್. ಎರಡೂವರೆ ನೂರು ಕೋಟಿ ವರ್ಷ, ಅದಕ್ಕೂ ಹಳೆಯದು. ಹಂಪಿ, ಆನೆಗೊಂದಿ, ಕೊಪ್ಪಳ, ಮುದಗಲ್ಲಿನಲ್ಲಿ ಒಂದರ ಮೇಲೊಂದು ಬಂಡೆ ಪೇರಿಸಿಟ್ಟಂತೆ ಕಾಣುವ ಗುಡ್ಡಗಳು ಆ ಕುಲದವು. ಅದೇ ಕಲ್ಲು ಎತ್ತರದ ಇಳಿಜಾರಿನಲ್ಲಿ ಸವೆದರೆ ತೆಳ್ಳನೆಯ ಕೆಂಪು ಮಸಾರಿ. ತಗ್ಗಿನ ಬಯಲಿಗೆ ಬಂದು, ನೀರು ಬಸಿದುಹೋಗದೆ, ಸುಣ್ಣದ ಅಂಶ ಉಳಿದುಕೊಂಡರೆ ಕಪ್ಪು ಎರೆ. ಮಲೆನಾಡಿನಷ್ಟು ಮಳೆ ಇಲ್ಲಿ ಬಿದ್ದಿದ್ದರೆ ಆ ಸುಣ್ಣ, ಲವಣಗಳೆಲ್ಲ ತೊಳೆದುಹೋಗುತ್ತಿದ್ದವು. ಮಳೆ ಕಡಿಮೆಯಾದದ್ದರಿಂದಲೇ ಈ ಮಣ್ಣು ಹೀಗೆ ಉಳಿದಿದೆ. ಬರ ತಂದ ಹವೆಯೇ ಬರವನ್ನು ತಾಳುವ ಮಣ್ಣನ್ನೂ ಕಟ್ಟಿಕೊಟ್ಟಿದೆ ಎಂಬುದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ದೊಡ್ಡ ಸಂಗತಿ ಅನ್ನಿಸುತ್ತದೆ.

ಏಕೆಂದರೆ ಎರೆ ಹೊಲ ಮಳೆಯ ಹಗೇವು (ನೆಲದೊಳಗಿನ ಕಣಜ) ಇದ್ದ ಹಾಗೆ. ಅದರ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತವೆ. ಮೊದಲ ಮಳೆ ಆ ಬಿರುಕುಗಳಲ್ಲಿ ನೇರ ಆಳಕ್ಕಿಳಿಯುತ್ತದೆ. ಆಮೇಲೆ ಮೇಲ್ಮೈ ಮುಚ್ಚಿಕೊಳ್ಳುತ್ತದೆ. ಒಂದೂವರೆ ಮೀಟರ್ ಆಳದ ಎರೆ ಹೊಲ ಬೆಳೆಗೆ ಸಿಗುವಂಥ ನೀರನ್ನು 200 ಮಿ.ಮೀ.ಯಷ್ಟು ಹಿಡಿದಿಡಬಲ್ಲದು. ಅದಕ್ಕೇ ಹಳೆಯ ಪದ್ಧತಿಯಲ್ಲಿ ಎರೆ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಬಿಡುತ್ತಿದ್ದರು. ಮಳೆ ಬಂದಾಗಲೆಲ್ಲ ಕುಂಟೆ ಹೊಡೆದು, ಕಳೆ ಕಿತ್ತು, ಮೇಲಿನ ಮಣ್ಣು ಸಡಿಲ ಮಾಡಿ ಹಸಿ ಆರದಂತೆ ಕಾಯುತ್ತಿದ್ದರು. ಉತ್ತರೆ–ಹಸ್ತದಲ್ಲಿ ಹೊಟ್ಟೆ ತುಂಬ ಕುಡಿದ ಹೊಲಕ್ಕೆ ಕೂರಿಗೆ ಹೂಡಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುತ್ತಿದ್ದರು. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಇಬ್ಬನಿ, ಚಳಿ, ಒಳಗಿನ ಹಸಿಯಲ್ಲೇ ಜೋಳ ತೆನೆ ಕಟ್ಟುತ್ತದೆ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಬೆಳೆಗೆ ಎಡೆ ಎರಚಿ), ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಉಣ್ಣುವ ಸಂಭ್ರಮ ಈ ಹಿಂಗಾರಿ ಬೆಳೆಯದ್ದು. ಕರಾವಳಿಯ ಜನಕ್ಕೆ ಡಿಸೆಂಬರಿನ ಒಣ ಬಯಲಿನಲ್ಲಿ ಆಳೆತ್ತರದ ಹಸಿರು ಜೋಳ ನಿಂತಿರುವುದು ಕಂಡರೆ ನಂಬಿಕೆಯೇ ಬರುವುದಿಲ್ಲ.

ಮಸಾರಿಯ ಕಥೆ ಬೇರೆ. ಅದಕ್ಕೆ ಹಿಡಿದಿಡುವ ಶಕ್ತಿಯಿಲ್ಲ, ಮಳೆ ಬಂದ ಕೂಡಲೇ ಬಿತ್ತಬೇಕು. ಸಜ್ಜೆ, ನವಣೆ, ಶೇಂಗಾ, ಹುರುಳಿ. ನಡುವೆ ಇಪ್ಪತ್ತು ದಿನ ಮಳೆ ತಪ್ಪಿತೆಂದರೆ ಬೆಳೆ ಬಾಡುತ್ತದೆ.

ಇಷ್ಟು ಒಣ ನೆಲದಲ್ಲಿ ಮನುಷ್ಯ ನೆಲೆಸಿ ನಾಲ್ಕೈದು ಸಾವಿರ ವರ್ಷವಾಯಿತು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು, ಕುಡತಿನಿ, ತೆಕ್ಕಲಕೋಟೆ ನವಶಿಲಾಯುಗದ ಊರುಗಳು. ಕುಡತಿನಿ, ಕುಪ್ಪಗಲ್ಲಿನಲ್ಲಿ ಬೂದಿಯ ದಿಬ್ಬಗಳಿವೆ. ಅವು ದನದ ಸೆಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟು ಆದವು ಎಂದು ಪುರಾತತ್ವಜ್ಞರು ತೋರಿಸಿದ್ದಾರೆ. ದನ ಕಟ್ಟಿಕೊಂಡು, ಮೇವು ನೀರು ಇರುವ ಕಡೆ ತಿರುಗುತ್ತ, ಹುರುಳಿ ಹೆಸರು ಕಿರುಧಾನ್ಯ ಬೆಳೆದುಕೊಂಡು ಬದುಕಿದ ಜನ ಅವರು. ಈಗಲೂ ಕುರಿಗಾರರು ಹಿಂಡು ಹೊಡೆದುಕೊಂಡು ಮಳೆಗಾಲದಲ್ಲಿ ಒಂದು ಕಡೆ, ಸುಗ್ಗಿ ಮುಗಿದ ಮೇಲೆ ಗದ್ದೆ ಸೀಮೆಗೆ ಇನ್ನೊಂದು ಕಡೆ ತಿರುಗುತ್ತಾರೆ. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಕೃಷ್ಣೆ, ತುಂಗಭದ್ರೆ ಎಂಬ ಎರಡು ಹೊಳೆಗಳ ನಡುವಿನ ಈ ದೋಅಬ್‌ಗಾಗಿ ವಿಜಯನಗರದವರೂ ಬಹಮನಿ, ಆದಿಲಶಾಹಿಗಳೂ ತಲೆಮಾರುಗಳ ಕಾಲ ಕಾದಾಡಿದರು. ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು 1520ರಲ್ಲಿ.

ಹೊಳೆಯ ಮಳೆಯನ್ನು ಹೊಲಕ್ಕೆ ತಿರುಗಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರೂ ವಿಜಯನಗರದವರೇ. ತುಂಗಭದ್ರೆಗೆ ಬಂಡೆಗಳ ನಡುವೆ ಕಲ್ಲಿನ ಅಣೆಕಟ್ಟು ಕಟ್ಟಿ ಹಿರೇಕಾಲುವೆ, ತುರ್ತು ಕಾಲುವೆ, ಬಸವಣ್ಣ ಕಾಲುವೆ ತೆಗೆದರು. ಐನೂರು ವರ್ಷಗಳ ಮೇಲೂ ಹಂಪಿ, ಕಮಲಾಪುರದ ಬಾಳೆ, ಕಬ್ಬು, ಭತ್ತಕ್ಕೆ ಆ ಕಾಲುವೆಗಳ ನೀರು ಹರಿಯುತ್ತಿದೆ. ಆದರೆ ಅವು ಹೊಳೆಯ ದಂಡೆಯ ಪಟ್ಟಿಗೆ ಮಾತ್ರ ಸಾಕು. ಹತ್ತು ಮೈಲಿ ಆಚೆಗಿನ ಊರು ಮತ್ತೆ ತಲೆಯ ಮೇಲಿನ ಮಳೆಯನ್ನೇ ನಂಬಬೇಕಿತ್ತು.

ಆ ಮಳೆ 1876ರಲ್ಲಿ ಕೈಕೊಟ್ಟಿತು. ಧಾತು ಸಂವತ್ಸರ, ಮುಂದಿನದು ಈಶ್ವರ. ಅಜ್ಜಿಯರ ಬಾಯಲ್ಲಿ ಅದು ಧಾತು ಈಶ್ವರ ಬರ. ಪೆಸಿಫಿಕ್ ಸಾಗರದ ನೀರು ವಿಪರೀತ ಕಾದ ಎಲ್ ನಿನೋ 1877ರಲ್ಲಿ ಉಂಟಾಗಿತ್ತೆಂದು ಈಗ ಗೊತ್ತು; ಅಂಥ ವರ್ಷಗಳಲ್ಲಿ ಮಾನ್ಸೂನ್ ಬಡವಾಗುವುದು ಹೆಚ್ಚು. ಬಳ್ಳಾರಿ ಜಿಲ್ಲೆ ದಕ್ಷಿಣ ಭಾರತದಲ್ಲೇ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ಊರುಗಳು ಖಾಲಿಯಾದವು. ಧಾನ್ಯ ಬೇರೆಡೆ ಇದ್ದರೂ ಕೊಳ್ಳಲು ಕೂಲಿಯವರ ಕೈಯಲ್ಲಿ ಕಾಸಿರಲಿಲ್ಲ. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟಿ ಬಳ್ಳಾರಿ, ರಾಯಲಸೀಮೆಯನ್ನು ಬರದಿಂದ ಉಳಿಸಬೇಕೆಂಬ ಮಾತು ಬಲಗೊಂಡದ್ದು ಆ ಬಳಿಕ.

ಮಾತು ಕಲ್ಲಾಗಲು ಏಳು ದಶಕ ಹಿಡಿಯಿತು. ಹೊಳೆಯ ಬಲದಂಡೆ ಮದ್ರಾಸಿನದು, ಎಡದಂಡೆ ಹೈದರಾಬಾದ್ ನಿಜಾಮರದು. ಎರಡೂ ಒಪ್ಪಿ 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಹೊಸಪೇಟೆ ಒಂದು ಬದಿ, ಮುನಿರಾಬಾದ್ ಇನ್ನೊಂದು ಬದಿ. ಹಿನ್ನೀರಿನಲ್ಲಿ ಹತ್ತಾರು ಹಳ್ಳಿ ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು.

ಈ ಅಣೆಕಟ್ಟೆಗೆ ನೀರು ಕೂಡುವ ಜಲಾನಯನ ಪ್ರದೇಶ ಸುಮಾರು 28,000 ಚದರ ಕಿ.ಮೀ. ಆದರೆ ನಿಜವಾಗಿ ಅದನ್ನು ತುಂಬಿಸುವುದು ಅದರ ಪಡುವಣ ಅಂಚು: ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರುವ ತುಂಗೆ ಮತ್ತು ಭದ್ರೆ, ಹಾವೇರಿ ಬದಿಯಿಂದ ಬರುವ ವರದಾ. ಹೀಗಾಗಿ ಸಿಂಧನೂರಿನ ರೈತ ಜುಲೈನಲ್ಲಿ ಶೃಂಗೇರಿ, ತೀರ್ಥಹಳ್ಳಿಯ ಮಳೆ ವಿಚಾರಿಸುತ್ತಾನೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ. ಅಂದರೆ ಅದೇ ರಭಸ ಹನ್ನೆರಡು–ಹದಿಮೂರು ದಿನ ಉಳಿದರೆ ಖಾಲಿ ಜಲಾಶಯವೂ ತುಂಬಿಬಿಡುತ್ತದೆ. ನಮ್ಮ ವರ್ಷದ ಭವಿಷ್ಯ ಮಲೆನಾಡಿನ ಎರಡು ವಾರದ ಜಡಿಮಳೆಯಲ್ಲಿ ತೀರ್ಮಾನವಾಗುತ್ತದೆ.

ಕಟ್ಟಿದಾಗ ಈ ಜಲಾಶಯದ ಸಾಮರ್ಥ್ಯ 133 ಟಿಎಂಸಿಯ ಹತ್ತಿರ ಇತ್ತು. ಈಗ 105.78. ಉಳಿದದ್ದು ಹೂಳು. 27 ಟಿಎಂಸಿ ಎಂದರೆ ಏನು? ಒಂದು ಎಕರೆ ಭತ್ತಕ್ಕೆ ನಾಲ್ಕು ಅಡಿ ನೀರು ಎಂದು ಹಿಡಿದರೆ, ದಾರಿಯ ಸೋರಿಕೆ ಬಿಟ್ಟು, ಒಂದೂವರೆ ಲಕ್ಷ ಎಕರೆಯ ಒಂದು ಬೆಳೆ. ಅಷ್ಟು ಜಾಗದಲ್ಲಿ ಈಗ ಮಣ್ಣು ಕೂತಿದೆ. ಹೂಳು ತೆಗೆದು ಹಾಕಲು ಜಾಗವಿಲ್ಲ, ವೆಚ್ಚ ತೂಗುವುದಿಲ್ಲ ಎಂಬ ಕಾರಣಕ್ಕೆ ಕನಕಗಿರಿ ತಾಲ್ಲೂಕಿನ ನವಲಿ ಬಳಿ ಸಮತೋಲನ ಜಲಾಶಯ ಕಟ್ಟಿ ಪ್ರವಾಹದ ನೀರನ್ನು ಹಿಡಿಯುವ ಪ್ರಸ್ತಾವ ವರ್ಷಗಳಿಂದ ಮೂರು ರಾಜ್ಯಗಳ ನಡುವೆ ಓಡಾಡುತ್ತಿದೆ.

ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿನ ಕಡೆಗೆ 227 ಕಿ.ಮೀ. ಹರಿಯುತ್ತದೆ. ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ. ಇಲ್ಲಿ ಒಂದು ಮೂಲ ಸಂಗತಿಯನ್ನು ತಿಳಿದಿರಬೇಕು. ಬರದಿಂದ ಕಾಪಾಡಲು ಹುಟ್ಟಿದ ಯೋಜನೆ ಇದು. ಹೆಚ್ಚು ಜನಕ್ಕೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳಲಿ ಎಂಬುದೇ ಲೆಕ್ಕ. ಭತ್ತಕ್ಕೆ ಗೊತ್ತುಪಡಿಸಿದ ಜಮೀನು ಸ್ವಲ್ಪವೇ. ಆದರೆ ತಲೆತಲಾಂತರದಿಂದ ಒಣ ಬೇಸಾಯ ಮಾಡಿದ ಇಲ್ಲಿನ ರೈತರಿಗೆ ನೀರಿನ ಬೇಸಾಯ ಹೊಸದು, ಜಮೀನು ಸಮ ಮಾಡಲು ಹಣವಿರಲಿಲ್ಲ. ಆಗ ಆಂಧ್ರದ ಕೃಷ್ಣಾ, ಗೋದಾವರಿ ಮುಖಜ ಭೂಮಿಯ ರೈತರು ಬಂದು ಅಗ್ಗಕ್ಕೆ ಹೊಲ ಕೊಂಡರು, ಗದ್ದೆ ಮಾಡಿದರು, ಭತ್ತ ಬೆಳೆದರು. ಅವರು ನೆಲೆಸಿದ ಜಾಗಗಳು ಕ್ಯಾಂಪ್‌ಗಳಾದವು. ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋದರೆ ಹಾದಿಯುದ್ದಕ್ಕೂ ಕ್ಯಾಂಪ್ ಎಂದು ಮುಗಿಯುವ ಹೆಸರುಗಳೇ. ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳಿವೆ. ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಒಂದೇ ಸಂತೆಯಲ್ಲಿ ಕೇಳಿಸುವುದು ಈ ಕಾಲುವೆಯಿಂದ. ಸೋನಾ ಮಸೂರಿ ಅಕ್ಕಿ, ಸಾಲು ಸಾಲು ರೈಸ್ ಮಿಲ್ಲು, ಟ್ರ್ಯಾಕ್ಟರ್ ಷೋರೂಮು, ಗೊಬ್ಬರದಂಗಡಿ ಎಲ್ಲ ಆ ನೀರಿನ ಹಿಂದೆಯೇ ಬಂದವು.

ಬೆಲೆಯನ್ನು ತೆತ್ತವರು ಕಾಲುವೆಯ ಕೊನೆಯಲ್ಲಿರುವವರು. ಮೇಲ್ಭಾಗದಲ್ಲಿ ಗೊತ್ತುಪಡಿಸಿದ್ದಕ್ಕಿಂತ ಎಷ್ಟೋ ಪಟ್ಟು ಭತ್ತ ನಾಟಿಯಾದಾಗ, ಅಚ್ಚುಕಟ್ಟಿಗೆ ಸೇರದ ಹೊಲಗಳಿಗೂ ಪೈಪು ಪಂಪ್‌ಸೆಟ್ಟಿನಿಂದ ನೀರು ಏರಿದಾಗ, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿಗೆ ತಲುಪುವುದು ಉಳಿದಷ್ಟೇ. ಆ ಭಾಗದವರ ಬಾಯಲ್ಲಿ ಸದಾ ಇರುವ ಪ್ರಶ್ನೆ ಒಂದೇ: ಮೈಲ್ 69ರಲ್ಲಿ ಗೇಜ್ ಎಷ್ಟಿದೆ? ಅಂದರೆ ಕಾಲುವೆಯ 69ನೇ ಮೈಲಿಯಲ್ಲಿ ನೀರಿನ ಮಟ್ಟ ಎಷ್ಟು? ಕಾಗದದಲ್ಲಿ ನೀರಾವರಿ ಜಮೀನು, ಕರ ನೀರಾವರಿಯದು, ಬೆಳೆ ಮಾತ್ರ ಮಳೆಯಾಶ್ರಿತ. ಬೇಸಿಗೆ ಬಂತೆಂದರೆ ರಸ್ತೆ ತಡೆ, ಕಾಲುವೆಯುದ್ದಕ್ಕೂ ನಿಷೇಧಾಜ್ಞೆ, ರಾತ್ರಿ ಗಸ್ತು. ಇದನ್ನು ಮೇಲ್ಭಾಗದವರ ಸ್ವಾರ್ಥ ಎಂದು ಮುಗಿಸುವುದು ಸುಲಭ, ಆದರೆ ಸರಿಯಲ್ಲ. ನೀರು ಕಣ್ಣೆದುರು ಹರಿಯುವಾಗ, ಭತ್ತಕ್ಕೆ ಮಿಲ್ಲೂ ಮಾರುಕಟ್ಟೆಯೂ ಸಾಲವೂ ಸಿದ್ಧವಿರುವಾಗ ಜೋಳ ಬೆಳೆಯಿರಿ ಎಂದು ಹೇಳುವ ಸರ್ಕಾರ ಜೋಳಕ್ಕೆ ಅದೇ ಭದ್ರತೆ ಕೊಡಲಿಲ್ಲ.

ನೀರು ಹೆಚ್ಚಾದ ಕಡೆ ಇನ್ನೊಂದು ಬಾಧೆ. ಎರೆ ಮಣ್ಣಿನಲ್ಲಿ ನೀರು ಬಸಿಯುವುದಿಲ್ಲ. ವರ್ಷಕ್ಕೆರಡು ಬಾರಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಒಳಗಿನ ನೀರು ಮೇಲೇರುತ್ತದೆ. ಬಿಸಿಲು ಅದನ್ನು ಆರಿಸುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮಳೆ ತೊಳೆಯದೆ ಉಳಿಸಿದ್ದ ಅದೇ ಲವಣ. ಸವಳು–ಜವಳು ಎಂದು ರೈತರು ಕರೆಯುವುದು ಇದನ್ನೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಬಸಿಗಾಲುವೆ, ನೆಲದೊಳಗಿನ ಬಸಿಕೊಳವೆಗಳ ಮೇಲೆ ಕೆಲಸ ಮಾಡುತ್ತಿದೆ.

ಕಾಲುವೆ ಮುಟ್ಟದ ಸೀಮೆಗೆ ಬರೋಣ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಸ್ಕಿ, ದೇವದುರ್ಗದ ಎಷ್ಟೋ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿಯುತ್ತಿದ್ದಂತೆ ಬೆಂಗಳೂರು, ಮಂಗಳೂರು, ಗೋವಾ, ಪುಣೆಗೆ ಜನ ಹೊರಡುತ್ತಾರೆ. ಊರಲ್ಲಿ ಉಳಿಯುವುದು ಮುದುಕರು ಮತ್ತು ಅವರ ವಶಕ್ಕೆ ಬಿಟ್ಟ ಮಕ್ಕಳು. ಶಾಲೆಯ ಹಾಜರಿ ಪುಸ್ತಕ ನೋಡಿದರೆ ಮಳೆಯ ವರ್ಷ ಯಾವುದು, ಬರದ ವರ್ಷ ಯಾವುದು ಎಂದು ಹೇಳಬಹುದು. ಬೆಂಗಳೂರಿನ ಎತ್ತರದ ಕಟ್ಟಡಗಳಿಗೆ ಕಲ್ಲು ಹೊತ್ತವರಲ್ಲಿ ಹಸ್ತದ ಮಳೆ ತಪ್ಪಿದ ಊರುಗಳವರು ಬಹಳ. ಊರಲ್ಲಿ ಉಳಿದವರಿಗೆ ಕುಡಿಯುವ ನೀರೂ ಸುಲಭವಲ್ಲ. ಗ್ರಾನೈಟ್ ಬಿರುಕಿನ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ, ಹಲ್ಲು ಮೂಳೆಗಳನ್ನು ಕೆಡಿಸುತ್ತದೆ.

ಉತ್ತರದ ಗಡಿಯ ಕೃಷ್ಣೆಯದೂ ಇದೇ ಬಗೆ. ಮಹಾಬಲೇಶ್ವರದ ಮಳೆಯ ಹೊಳೆ ಅದು. 2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಗೆ ಕೃಷ್ಣೆ ಉಕ್ಕಿ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿತು, ನಡುಗಡ್ಡೆಯ ಜನ ಸಿಕ್ಕಿಕೊಂಡರು.

ಎರಡು ಮಳೆಗಳೂ ಒಟ್ಟಿಗೆ ಕೈಕೊಟ್ಟದ್ದು 2023ರಲ್ಲಿ. ಅದು ಎಲ್ ನಿನೋ ವರ್ಷ. 1901ರಿಂದೀಚೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಲೆನಾಡೇ ಒಣಗಿದ್ದರಿಂದ ಡ್ಯಾಮು ತುಂಬಲಿಲ್ಲ. ಮರುವರ್ಷ ಡ್ಯಾಮು ತುಂಬಿ ನಿಂತಿದ್ದಾಗ, 2024ರ ಆಗಸ್ಟ್ 10ರ ರಾತ್ರಿ, ಸರಪಳಿ ತುಂಡಾಗಿ ನೀರು ಹೊರಬಿಡುವ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಕೆಲವೇ ದಿನಗಳಲ್ಲಿ ಹತ್ತಾರು ಟಿಎಂಸಿ ನೀರು ಹೊಳೆಗೆ ಹರಿಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವ ಕೆಲಸವನ್ನು ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಒಂದು ವಾರದಲ್ಲಿ ಮುಗಿಸಿದರು. ಆಮೇಲೆ ಮಲೆನಾಡಿನ ಮಳೆ ಮತ್ತೆ ಕೈಹಿಡಿಯಿತು. ಎಪ್ಪತ್ತು ವರ್ಷ ಹಳೆಯ ಒಂದು ಸರಪಳಿಗೆ ಎಷ್ಟು ಲಕ್ಷ ಎಕರೆಯ ಬದುಕು ತೂಗಿಬಿದ್ದಿತ್ತು ಎಂಬುದು ಆ ವಾರ ಎಲ್ಲರಿಗೂ ಕಾಣಿಸಿತು.

ಹೊಳೆಯ ಮಳೆಯ ಬಗ್ಗೆ ನಾವು ಇಷ್ಟು ಮಾತಾಡುತ್ತೇವೆ. ತಲೆಯ ಮೇಲೆ ಬೀಳುವುದರ ಬಗ್ಗೆ ಅದರ ಹತ್ತರಲ್ಲೊಂದು ಪಾಲೂ ಮಾತಾಡುವುದಿಲ್ಲ. 600 ಮಿ.ಮೀ. ಮಳೆ ಒಂದು ಎಕರೆಯ ಮೇಲೆ ಬಿದ್ದರೆ 24 ಲಕ್ಷ ಲೀಟರ್. ಅದು ಬೀಳುವುದು ವರ್ಷದ ನಲವತ್ತರ ಆಸುಪಾಸಿನ ದಿನಗಳಲ್ಲಿ, ಅದರಲ್ಲೂ ದೊಡ್ಡ ಪಾಲು ಕೆಲವೇ ಸಂಜೆಗಳ ಗುಡುಗು ಮಳೆಯಲ್ಲಿ. ತಡೆಯದಿದ್ದರೆ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ಬಳ್ಳಾರಿಯಲ್ಲಿ 1954ರಿಂದ ಇರುವ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆ ಹೊಲಗಳಿಗೆಂದೇ ಬದು, ಇಳಿಜಾರಿಗೆ ಅಡ್ಡ ಬಿತ್ತನೆ, ಕೃಷಿ ಹೊಂಡಗಳ ಪದ್ಧತಿಗಳನ್ನು ಪ್ರಯೋಗ ಮಾಡಿ ತೋರಿಸಿದೆ. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತು, ಜಾಲಿ ಕಂಟಿ ಬೆಳೆದು ಹೂಳು ತುಂಬಿದ್ದ ಹಿರೇಹಳ್ಳವನ್ನು ಜನರಿಂದಲೇ ಸ್ವಚ್ಛ ಮಾಡಿಸಿದರು; ಕುಷ್ಟಗಿ ಬಳಿ ನಿಡಶೇಸಿ ಕೆರೆಯ ಹೂಳು ತೆಗೆಸಿದರು. ಸೆಪ್ಟೆಂಬರಿನ ಮಳೆಯನ್ನು ಹೊಲದ ಮೂಲೆಯ ಒಂದು ಹೊಂಡದಲ್ಲಿ ಹಿಡಿದಿಟ್ಟು, ತೆನೆ ಹೊರಬರುವ ಹೊತ್ತಿಗೆ ಒಂದೇ ಒಂದು ಸಲ ಜೋಳಕ್ಕೆ ಕೊಟ್ಟರೂ ಕಾಳು ಗಟ್ಟಿಯಾಗುತ್ತದೆ. ಅದಕ್ಕೆ ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯೂ ಬೇಡ, ಮೈಲ್ 69ರ ಗೇಜೂ ಬೇಡ.